ಅಜ್ಜಿ ನನ್ನ ಮಂಗ ಅಂದ್ರಾ?

ಮೊನ್ನೆ ಇಲ್ಲಿ ಇಂಗ್ಲೆಂಡಲ್ಲಿ ಬೆಳಿಗ್ಗೆ ಏಳಕ್ಕೆ ಕಸದ ಗಾಡಿ ಸದ್ದು ಕೇಳಿ ಹವಾಯಿ ಚಪ್ಪಲೀಲೇ ಓಡಿಹೋಗಿ ಬಿನ್ ಎಳ್ಕೊಂಡು ರಸ್ತೆಗಿಟ್ಟೆ. ಎದುರುಮನೆ ಅಜ್ಜಿ ಟೀ ಕಪ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರು, ನನ್ನ ನೋಡಿ ನಕ್ಕು, "ಯೂ ಡ್ಯಾಫ್ಟ್ ಏಪತ್, ಇಟ್ಸ್ ಬ್ಲೂ ಬಿನ್ ಟುಡೇ" ಅಂದ್ರು. ನಂಗೆ ಕೇಳ್ಸಿದ್ದು ಏಪ್ ಅಂತ ಮಾತ್ರ. ಮಂಗ!

ನಾನೂ ಹಲ್ಲು ಕಿರಿದು ಬಿನ್ ಬದಲಾಯಿಸಿ ಒಳಗೆ ಬಂದೆ. ಆಮೇಲೆ ಶುರುವಾಯ್ತು ನೋಡಿ. ಮೀಟಿಂಗಲ್ಲಿ ಕೂತ್ರೂ ಅದೇ ಟೀ ಕಪ್ಪು, ಅದೇ ನಗು, ಮಧ್ಯಾಹ್ನ ಅನ್ನ ಕಲಸ್ತಾ ಇದ್ರೂ ಅದೇ ಏಪ್. ಈ ದೇಶದಲ್ಲಿ ನಮ್ಮ ಬಣ್ಣದವರಿಗೆ ಆ ಪದ ಅಂದ್ರೆ ಅದು ತಮಾಷೆ ಅಲ್ಲ ಅಂತ ಎಲ್ರಿಗೂ ಗೊತ್ತು. ಮೂರು ವರ್ಷದಿಂದ ಒಳ್ಳೆಯವರು ಅಂದ್ಕೊಂಡಿದ್ದೆ. ದೀಪಾವಳಿಗೆ ಚಕ್ಕುಲಿ ಹಾಕಿ ಕೊಟ್ಟ ಡಬ್ಬಿ ಇನ್ನೂ ವಾಪಸ್ ಕೊಟ್ಟಿಲ್ಲ ಅನ್ನೋದೂ ಆಗ್ಲೇ ನೆನಪಾಗ್ಬೇಕಾ.

ಸಂಜೆ ತಡೀಲಾರದೆ ಉತ್ತರ ಇಂಗ್ಲೆಂಡಿನ ಬೋಲ್ಟನ್‌ನಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿಗೆ ಮೆಸೇಜ್ ಹಾಕ್ದೆ. ಮೊದಲು ಒಂದು ಸಾಲು ನಗೋ ಎಮೋಜಿ ಬಂತು, ಆಮೇಲೆ ಪಾಠ. ಅದು ಏಪ್ ಅಲ್ವಂತೆ, ಹಾಫ್‌ಪೆನಿವರ್ತ್, ಅಂದ್ರೆ ಅರ್ಧ ಪೆನ್ನಿ ಬೆಲೆಯದ್ದು. ಲ್ಯಾಂಕಾಶೈರ್, ಯಾರ್ಕ್‌ಶೈರ್ ಜನ ಮೊದಲಿನ ಹಕಾರ ನುಂಗಿ, ನಡುವಿನದ್ದೆಲ್ಲ ಅಗಿದು ಏಪತ್ ಮಾಡಿದ್ದಾರೆ. ಆಗ ಪೌಂಡಿಗೆ 240 ಪೆನ್ನಿ, ಅಲ್ಲಿಗೆ 480 ಅರ್ಧ ಪೆನ್ನಿ ಸೇರಿದ್ರೆ ಒಂದು ಪೌಂಡು, ನನ್ನ ಬೆಲೆ ನೀವೇ ಲೆಕ್ಕ ಹಾಕಿ. ಆ ಹಳೇ ನಾಣ್ಯ 1969ರಲ್ಲೇ ಹೋಯ್ತು, 1971ರಲ್ಲಿ ದಶಮಾನ ಪದ್ಧತಿ ಜೊತೆ ಬಂದ ಪುಟಾಣಿ ಅರ್ಧ ಪೆನ್ನಿನೂ 1984ಕ್ಕೆ ಮುಗೀತು, ಬೈಗುಳ ಮಾತ್ರ ಇನ್ನೂ ಚಲಾವಣೇಲಿದೆ.

ಡ್ಯಾಫ್ಟ್ ಕತೆ ಇನ್ನೂ ಚೆನ್ನಾಗಿದೆ. ಹಳೇ ಇಂಗ್ಲಿಷಲ್ಲಿ ಅದಕ್ಕೆ ಸೌಮ್ಯ, ಸಾಧು ಅನ್ನೋ ಅರ್ಥ ಇತ್ತಂತೆ, ಬರ್ತಾ ಬರ್ತಾ ಪೆದ್ದು ಆಯ್ತು. ನಮ್ಮೂರ ಕಡೆ "ಅವ್ನು ಪಾಪದವ್ನು" ಅಂತಾರಲ್ಲ, ಹೊಗಳ್ತಿದ್ದಾರೋ ದಡ್ಡ ಅಂತಿದ್ದಾರೋ ಗೊತ್ತಾಗಲ್ಲ, ಹಾಗೇ. ಆದ್ರೆ ನಾವು ಕವಡೆ ಕಾಸಿನ ಕಿಮ್ಮತ್ತಿಲ್ಲ ಅಂದ್ರೆ ಎದುರಿನವನು ಅಲ್ಲೇ ಮುಗಿದ, ಇವ್ರು ಮಾತ್ರ ಅರ್ಧ ಪೆನ್ನೀನ ಮೊಮ್ಮಕ್ಕಳಿಗೆ, ಗಂಡನಿಗೆ, ಹತ್ತಿರದವರಿಗೇ ಅನ್ನೋದಂತೆ. ನಾನ್ಯಾವಾಗ ಹತ್ತಿರದವನಾದೆ ಅಂತ ಯೋಚಿಸಿದ್ರೆ ಹೋದ ಚಳಿಗಾಲ ಅವ್ರ ಬಾಗಿಲ ಮುಂದಿನ ಹಿಮ ಕೆರೆದಿದ್ದಷ್ಟೇ ನೆನಪಾಗೋದು. ಇಡೀ ದಿನ ಅವ್ರ ಮೇಲೆ ಕೇಸ್ ನಡೆಸಿದ್ನಲ್ಲ, ಸಾಕ್ಷಿಗೆ ಚಕ್ಕುಲಿ ಡಬ್ಬಿ ಬೇರೆ.

ಅಮ್ಮಂಗೆ ಫೋನಲ್ಲಿ ಎಲ್ಲಾ ಹೇಳ್ದೆ. ನಾಣ್ಯದ ಭಾಗ ಅವ್ಳು ಕೇಳಿಸ್ಕೊಳ್ಳಲೇ ಇಲ್ಲ. "ಮಂಗ ಅಂದ್ರೇನೀಗ? ನಾನು ಇಪ್ಪತ್ತು ವರ್ಷ ಅದನ್ನೇ ಕರ್ದಿಲ್ವೇನೋ? ಡಬ್ಬಿ ಇಸ್ಕೊಂಡ್ಯಾ?"