ಫ್ಲ್ಯಾಗ್ ಅಳಿಸುವ ಒಂದು ಸಾಲು

ಹನಿ ನೀರಾವರಿಯ ಕೊಳವೆಗೆ ಜೋಡಿಸಿದ ಫ್ಲೋ ಸೆನ್ಸರ್‌ನ ಪಲ್ಸ್ ಎಷ್ಟು ಹೊತ್ತು ಮೇಲಿರುತ್ತದೆ ಎಂಬುದನ್ನು ಅಳೆಯುವ ಪ್ರೋಗ್ರಾಮನ್ನು ನಾನು ಮೊದಲು ಬರೆದದ್ದು ಆರ್ಡುಯಿನೊ ಊನೊ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್‌ಗೆ. ಅಲ್ಲಿ ವಾರಗಟ್ಟಲೆ ಸರಿಯಾಗಿ ನಡೆದ ಅದನ್ನು, ರಿಜಿಸ್ಟರುಗಳ (ಚಿಪ್‌ನ ಕೆಲಸವನ್ನು ನಿಯಂತ್ರಿಸುವ ಒಳಗಿನ ಬಿಟ್ ಕೋಶಗಳ) ಹೆಸರನ್ನಷ್ಟೇ ಬದಲಿಸಿ, ಕೈಯಲ್ಲಿದ್ದ ಎಟಿಮೆಗಾ32 ಚಿಪ್‌ಗೆ ಹಾಕಿದೆ. 40 ಮಿಲಿಸೆಕೆಂಡ್ ಎಂದು ಬರಬೇಕಾದಲ್ಲಿ, ದಿನಕ್ಕೆ ಕೆಲವು ಬಾರಿ 7.232 ಮಿಲಿಸೆಕೆಂಡ್ ಎಂದು ಬರತೊಡಗಿತು. ಸೆನ್ಸರ್ ಬದಲಿಸಿದೆ, ತಂತಿಗಳನ್ನು ಮತ್ತೆ ಬೆಸುಗೆ ಹಾಕಿದೆ, ಏನೂ ಪ್ರಯೋಜನವಾಗಲಿಲ್ಲ. ತಪ್ಪು ಬಂದಾಗಲೆಲ್ಲ ಅಂಕಿ ಅಷ್ಟೇ ಇರುವುದನ್ನು ಕಂಡಾಗ ಇದು ವಿದ್ಯುತ್ ಗದ್ದಲವಲ್ಲ, ಲೆಕ್ಕದ ತಪ್ಪು ಎಂದು ಹೊಳೆಯಿತು.

16 ಮೆಗಾಹರ್ಟ್ಸ್ ಗಡಿಯಾರವನ್ನು 8ರಿಂದ ಭಾಗಿಸಿದರೆ ಚಿಪ್‌ನೊಳಗಿನ ಎಣಿಕೆ ಸಾಧನವಾದ ಟೈಮರ್1ರ ಒಂದು ಎಣಿಕೆಗೆ ಅರ್ಧ ಮೈಕ್ರೊಸೆಕೆಂಡ್ ಹಿಡಿಯುತ್ತದೆ. 16 ಬಿಟ್‌ಗಳ ಆ ಟೈಮರ್ 65536 ಎಣಿಕೆಗೊಮ್ಮೆ, ಅಂದರೆ 32.768 ಮಿಲಿಸೆಕೆಂಡಿಗೊಮ್ಮೆ, ಸೊನ್ನೆಗೆ ಮರಳುತ್ತದೆ. 40ರಿಂದ 32.768 ಕಳೆದರೆ ಉಳಿಯುವುದು ಸರಿಯಾಗಿ 7.232. ಟೈಮರ್ ಸೊನ್ನೆಗೆ ಮರಳಿದ್ದನ್ನು ಒಮ್ಮೆ ಯಾರೋ ಎಣಿಸದೆ ಬಿಟ್ಟಿದ್ದರು, ಮತ್ತು ಆ ಎಣಿಕೆ ನಡೆಯಬೇಕಾದದ್ದು ಓವರ್‌ಫ್ಲೋ ಇಂಟರಪ್ಟ್‌ನಲ್ಲಿ, ಅಂದರೆ ಟೈಮರ್ ಸೊನ್ನೆಗೆ ಮರಳಿದಾಗ ಮುಖ್ಯ ಪ್ರೋಗ್ರಾಮನ್ನು ತಡೆದು ಓಡುವ ಸಣ್ಣ ರೂಟೀನ್‌ನಲ್ಲಿ.

ಹಾರ್ಡ್‌ವೇರಿನಲ್ಲಿ ಏನಾದರೂ ಘಟಿಸಿದಾಗ ಅದನ್ನು ಗುರುತಿಸುವ ಬಿಟ್, ಅಂದರೆ ಅದರ ಫ್ಲ್ಯಾಗ್, 1 ಆಗುತ್ತದೆ. ಆ ಇಂಟರಪ್ಟ್‌ಗೆ ನಾವು ಅನುಮತಿ ಕೊಟ್ಟಿದ್ದೇವೆಯೋ ಇಲ್ಲವೋ ಎಂಬುದನ್ನು ಫ್ಲ್ಯಾಗ್ ನೋಡುವುದೇ ಇಲ್ಲ. ಅನುಮತಿಯ ಲೆಕ್ಕ ಎನೇಬಲ್ ಬಿಟ್‌ನಲ್ಲಿ ಬೇರೆಯೇ ಇರುತ್ತದೆ. ಎರಡೂ 1 ಆಗಿದ್ದು, ಎಲ್ಲ ಇಂಟರಪ್ಟುಗಳಿಗೂ ಒಟ್ಟಾಗಿ ಅನುಮತಿ ಕೊಡುವ ಐ ಬಿಟ್ ಕೂಡ 1 ಆಗಿದ್ದರೆ ಮಾತ್ರ ಚಿಪ್ ನಮ್ಮ ಇಂಟರಪ್ಟ್ ರೂಟೀನ್‌ಗೆ ಹೋಗುತ್ತದೆ, ಮತ್ತು ಟೈಮರಿನ ಈ ಇಂಟರಪ್ಟುಗಳಲ್ಲಿ ಒಳಹೊಕ್ಕ ಕೂಡಲೇ ಫ್ಲ್ಯಾಗನ್ನು ತಾನೇ ಅಳಿಸುತ್ತದೆ.

ನನ್ನ ಪ್ರೋಗ್ರಾಮಿನಲ್ಲಿ ಪಲ್ಸ್ ಏರುವುದನ್ನೂ ಇಳಿಯುವುದನ್ನೂ ಹಿಡಿಯಬೇಕಿದ್ದರಿಂದ, ಪಲ್ಸ್ ಬದಲಾದ ಕ್ಷಣದ ಟೈಮರ್ ಎಣಿಕೆಯನ್ನು ಹಿಡಿದಿಟ್ಟಾಗ ಓಡುವ ಕ್ಯಾಪ್ಚರ್ ರೂಟೀನ್‌ನ ಒಳಗೇ, ಮುಂದೆ ಹಿಡಿಯಬೇಕಾದ ಅಂಚನ್ನು (ಏರಿಕೆಯೋ ಇಳಿಕೆಯೋ ಎಂಬುದನ್ನು) ಬದಲಿಸುತ್ತಿದ್ದೆ. ಹಾಗೆ ಬದಲಿಸಿದ ಮೇಲೆ ಕ್ಯಾಪ್ಚರ್‌ನ ಫ್ಲ್ಯಾಗಾದ ಐಸಿಎಫ್1ನ್ನು ಅಳಿಸಬೇಕೆಂದು ಡೇಟಾಶೀಟ್ ಹೇಳುತ್ತದೆ. ಈ ಎರಡೂ ಚಿಪ್‌ಗಳು ಸೇರಿದ ಎವಿಆರ್ ಕುಟುಂಬದಲ್ಲಿ ಇಂಥ ಫ್ಲ್ಯಾಗ್ ಅಳಿಸಲು ಅದರ ಜಾಗಕ್ಕೆ 1 ಬರೆಯಬೇಕು, ಸೊನ್ನೆ ಬರೆದರೆ ಏನೂ ಆಗದು. ಇದು ಮೊದಲು ವಿಚಿತ್ರವೆನಿಸಿದರೂ ಬಹಳ ಯೋಚಿಸಿ ಮಾಡಿದ ಏರ್ಪಾಡು: ಬೇಕಾದ ಒಂದು ಬಿಟ್‌ಗೆ 1, ಉಳಿದವಕ್ಕೆ ಸೊನ್ನೆ ಬರೆದರೆ, ರಿಜಿಸ್ಟರನ್ನು ಮೊದಲು ಓದದೆಯೇ ಒಂದು ಫ್ಲ್ಯಾಗ್ ಅಳಿದು ಉಳಿದವು ಇದ್ದಂತೆಯೇ ಇರುತ್ತವೆ. ನಾನು ಮಾತ್ರ ಬೆರಳಿಗೆ ಅಭ್ಯಾಸವಾಗಿದ್ದ ರೀತಿಯಲ್ಲಿ, ಟೈಮರ್ ಫ್ಲ್ಯಾಗುಗಳಿರುವ ಟಿಐಎಫ್‌ಆರ್ ರಿಜಿಸ್ಟರನ್ನು ಓದಿ, ಐಸಿಎಫ್1 ಬಿಟ್ಟನ್ನು ಅದರೊಂದಿಗೆ ಓರ್ ಮಾಡಿ (ಉಳಿದ ಬಿಟ್‌ಗಳನ್ನು ಇದ್ದಂತೆಯೇ ಇಟ್ಟು ಅದೊಂದನ್ನು 1 ಮಾಡಿ), ಮರಳಿ ಬರೆದಿದ್ದೆ. ಓದಿದಾಗ ಓವರ್‌ಫ್ಲೋದ ಫ್ಲ್ಯಾಗಾದ ಟಿಒವಿ1 ಕೂಡ 1 ಆಗಿದ್ದರೆ ಮರಳಿ ಬರೆಯುವಾಗ ಅದರ ಜಾಗಕ್ಕೂ 1 ಹೋಗಿ ಅದೂ ಅಳಿಯುತ್ತದೆ. ಟೈಮರ್ 65530ರಲ್ಲಿದ್ದಾಗ ಪಲ್ಸ್ ಏರಿತೆನ್ನಿ. ಕ್ಯಾಪ್ಚರ್ ರೂಟೀನ್ ಆರಂಭವಾಗುತ್ತಿರುವಾಗಲೇ, 3 ಮೈಕ್ರೊಸೆಕೆಂಡಿನಲ್ಲಿ, ಟೈಮರ್ ಸೊನ್ನೆಗೆ ಮರಳಿ ಟಿಒವಿ1 ಎದ್ದು ತನ್ನ ಸರದಿಗಾಗಿ ಕಾಯುತ್ತದೆ, ಮತ್ತು ನನ್ನ ಆ ಒಂದು ಸಾಲು ಅದನ್ನು ಒರೆಸಿಹಾಕುತ್ತದೆ.

ಹಾಗಾದರೆ ಊನೊದಲ್ಲಿ ಏಕೆ ಸರಿಯಿತ್ತು? ನನ್ನನ್ನು ಬಹಳ ದಿನ ಕಾಡಿದ್ದು ಇದೇ. 328ಪಿಯಲ್ಲಿ ಟೈಮರ್1ರ ಫ್ಲ್ಯಾಗ್ ರಿಜಿಸ್ಟರಿನ ಐಒ ವಿಳಾಸ ಹೆಕ್ಸ್ 16 (ಹೆಕ್ಸ್ ಎಂದರೆ ಹದಿನಾರರ ಆಧಾರದ ಸಂಖ್ಯೆ). ಹೆಕ್ಸ್ 1ಎಫ್‌ವರೆಗಿನ ವಿಳಾಸಗಳಿಗೆ ಎಸ್‌ಬಿಐ ಎಂಬ, ಒಂದೇ ಬಿಟ್ಟನ್ನು 1 ಮಾಡುವ ಇನ್‌ಸ್ಟ್ರಕ್ಷನ್ ಲಭ್ಯವಿರುವುದರಿಂದ ಪ್ರೋಗ್ರಾಮನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರ್ ನನ್ನ ಓರ್ ಸಾಲನ್ನು ಆ ಒಂದೇ ಇನ್‌ಸ್ಟ್ರಕ್ಷನ್‌ಗೆ ಇಳಿಸಿತ್ತು, ಮತ್ತು ಆ ಚಿಪ್‌ನಲ್ಲಿ ಎಸ್‌ಬಿಐ ಹೇಳಿದ ಬಿಟ್ಟನ್ನಲ್ಲದೆ ಬೇರೆಯದನ್ನು ಮುಟ್ಟುವುದಿಲ್ಲ. ಎಟಿಮೆಗಾ32ರಲ್ಲಿ ಟಿಐಎಫ್‌ಆರ್ ಇರುವುದು ಹೆಕ್ಸ್ 38ರಲ್ಲಿ, ಎಸ್‌ಬಿಐಯ ಕೈಗೆ ಎಟುಕದ ಜಾಗದಲ್ಲಿ. ಅಲ್ಲಿ ಓದು, ಓರ್, ಬರೆ ಎಂಬ ಮೂರು ಹೆಜ್ಜೆಗಳು ನಿಜವಾಗಿಯೂ ನಡೆಯುತ್ತವೆ. ಅದಕ್ಕೂ ಮಿಗಿಲಾಗಿ, ಆ ಚಿಪ್‌ನ ಮೂರೂ ಟೈಮರುಗಳ ಫ್ಲ್ಯಾಗುಗಳು ಇದೊಂದೇ ರಿಜಿಸ್ಟರಿನಲ್ಲಿವೆ. ನನ್ನ ಸಾಲು ಟೈಮರ್0ರ ಟಿಕ್ಕುಗಳನ್ನೂ ಆಗಾಗ ನುಂಗುತ್ತಿದ್ದಿರಬೇಕು. ಓರ್ ತೆಗೆದು ಐಸಿಎಫ್1 ಬಿಟ್ಟನ್ನು ನೇರವಾಗಿ ಬರೆದ ಮೇಲೆ 7.232 ಮತ್ತೆ ಕಾಣಲಿಲ್ಲ.

ಎನೇಬಲ್ ಬಿಟ್‌ಗಳಿರುವ ಟಿಐಎಂಎಸ್‌ಕೆ ರಿಜಿಸ್ಟರಿನ ನಿಯಮ ಇದಕ್ಕೆ ತಿರುಗುಮುರುಗು. ಅದು ಸಾಮಾನ್ಯ ರಿಜಿಸ್ಟರ್, ಬರೆದದ್ದೇ ಉಳಿಯುತ್ತದೆ. ಅಲ್ಲಿ ನೇರವಾಗಿ ಬರೆದರೆ ಬೇರೆ ಟೈಮರುಗಳ ಅನುಮತಿ ಹೋಗಿಬಿಡುವುದರಿಂದ ಓರ್ ಮಾಡಿಯೇ ಬರೆಯಬೇಕು. ಅದೇ ರಿಜಿಸ್ಟರನ್ನು ಯಾವುದಾದರೂ ಇಂಟರಪ್ಟ್ ರೂಟೀನ್ ಕೂಡ ಬದಲಿಸುವುದಾದರೆ, ಮುಖ್ಯ ಪ್ರೋಗ್ರಾಮಿನಲ್ಲಿ ಈ ಕೆಲಸ ಮಾಡುವಷ್ಟು ಹೊತ್ತು ಐ ಬಿಟ್ ಇರುವ ಎಸ್‌ಆರ್‌ಇಜಿ ರಿಜಿಸ್ಟರನ್ನು ಉಳಿಸಿಟ್ಟುಕೊಂಡು ಇಂಟರಪ್ಟುಗಳನ್ನು ತಡೆದು, ಮುಗಿದ ಮೇಲೆ ಮೊದಲಿದ್ದಂತೆ ಮಾಡಬೇಕು. ಜೊತೆಗೆ, ಎನೇಬಲ್ ಬಿಟ್ ಸೊನ್ನೆಯಾಗಿದ್ದ ಅವಧಿಯಲ್ಲೂ ಫ್ಲ್ಯಾಗ್ ಏಳುತ್ತಲೇ ಇರುವುದರಿಂದ, ಮತ್ತೆ ಅನುಮತಿ ಕೊಟ್ಟ ಮರುಕ್ಷಣವೇ ಎಂದೋ ಬಂದುಹೋದ ಪಲ್ಸ್‌ಗಾಗಿ ರೂಟೀನ್ ಓಡುತ್ತದೆ. ಹಳೆಯದು ಬೇಡವಾದಲ್ಲಿ ಮೊದಲು ಫ್ಲ್ಯಾಗ್ ಅಳಿಸಿ, ಆಮೇಲೆ ಅನುಮತಿ ಕೊಡಿ.

ಬೇರೆ ಕುಟುಂಬದ ಚಿಪ್ ಆದ ಪಿಐಸಿ 16ಎಫ್877ಎ ಬಳಸುವವರು ಈ ಅಭ್ಯಾಸವನ್ನು ಹಾಗೆಯೇ ಕೊಂಡೊಯ್ಯಬಾರದು: ಅಲ್ಲಿ ಟೈಮರಿನ ಫ್ಲ್ಯಾಗ್ ಅಳಿಸಲು ಸೊನ್ನೆ ಬರೆಯಬೇಕು, ಮತ್ತು ಅದು ತಾನಾಗಿ ಅಳಿಯುವುದಿಲ್ಲ. ಎಲ್ಲ ಇಂಟರಪ್ಟುಗಳೂ ಒಂದೇ ವಿಳಾಸಕ್ಕೆ ಬರುವುದರಿಂದ ಫ್ಲ್ಯಾಗ್ ಜೊತೆಗೆ ಎನೇಬಲ್ ಬಿಟ್ಟನ್ನೂ ನೋಡಿಯೇ ಮುಂದುವರಿಯಬೇಕು. ಉದಾಹರಣೆಗೆ ಸೀರಿಯಲ್ ಪೋರ್ಟಿನ ಟಿಎಕ್ಸ್‌ಐಎಫ್ ಎಂಬ ಫ್ಲ್ಯಾಗ್, ಕಳುಹಿಸುವ ರಿಜಿಸ್ಟರ್ ಖಾಲಿ ಇದ್ದಷ್ಟು ಹೊತ್ತೂ 1 ಆಗಿಯೇ ಇರುತ್ತದೆ.

ಈಗ ನನ್ನ ಕ್ಯಾಪ್ಚರ್ ರೂಟೀನ್‌ನಲ್ಲಿ ಇನ್ನೊಂದು ಪರೀಕ್ಷೆ ಸೇರಿದೆ. ಓವರ್‌ಫ್ಲೋ ಇಂಟರಪ್ಟ್‌ಗಿಂತ ಕ್ಯಾಪ್ಚರ್‌ಗೆ ಆದ್ಯತೆ ಹೆಚ್ಚಾದ್ದರಿಂದ, ಎರಡೂ ಹತ್ತಿರಹತ್ತಿರ ಬಂದಾಗ ಎಣಿಕೆ ಒಂದು ಹೆಜ್ಜೆ ಹಿಂದೆ ಬಿದ್ದಿರುವ ಸಾಧ್ಯತೆ ಇದೆ. ಹಾಗಾಗಿ ಟಿಒವಿ1 ಎದ್ದಿದ್ದು, ಹಿಡಿದ ಮೌಲ್ಯ 32768ಕ್ಕಿಂತ ಕಡಿಮೆಯಿದ್ದರೆ ಆ ಅಳತೆಯ ಮಟ್ಟಿಗೆ ಒಂದು ಓವರ್‌ಫ್ಲೋವನ್ನು ಹೆಚ್ಚಿಗೆ ಸೇರಿಸಿಕೊಳ್ಳುತ್ತೇನೆ, ಫ್ಲ್ಯಾಗನ್ನು ಮಾತ್ರ ಮುಟ್ಟದೆ ಅದರ ರೂಟೀನ್‌ಗೇ ಬಿಡುತ್ತೇನೆ.