ಟ್ವಿಕನ್‌ಹ್ಯಾಮ್‌ನಲ್ಲಿ ಪಕ್ಕದ ಸೀಟಿನ ವಕೀಲರು

2025ರ ಸೆಪ್ಟೆಂಬರ್ 27. ಲಂಡನ್ನಿನ ಟ್ವಿಕನ್‌ಹ್ಯಾಮ್‌ನಲ್ಲಿ ಮಹಿಳೆಯರ ರಗ್ಬಿ ವಿಶ್ವಕಪ್ ಫೈನಲ್, ಇಂಗ್ಲೆಂಡ್-ಕೆನಡಾ ನಡುವೆ. ಮಗಳು ಹಟ ಹಿಡಿದಿದ್ದಳು, ಹೋದೆವು. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬ ಮಹಿಳೆ ಕುಳಿತಿದ್ದರು. ತೋಳು ಸವೆದ ಹಳೆಯ ಕ್ಲಬ್ ಜೆರ್ಸಿ, ಒಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡ ಕಿರುಬೆರಳು. ವೃತ್ತಿಯಿಂದ ವಕೀಲರು, ಈಗ ನಿವೃತ್ತರು. ಮೊದಲು ಆಡಿದವರು, ಆಮೇಲೆ ಹುಡುಗಿಯರಿಗೆ ಕೋಚ್ ಆದವರು.

ಬ್ರಿಟನ್ನಿನ ಮಹಿಳೆಯರು ತಮ್ಮದೇ ರಗ್ಬಿ ಒಕ್ಕೂಟ ಕಟ್ಟಿಕೊಂಡದ್ದು 1983ರಲ್ಲಿ. ಆಗ ಈ ವಕೀಲರಿಗೆ ಹಗಲು ನ್ಯಾಯಾಲಯ, ಸಂಜೆ ಮೈದಾನ, ರಾತ್ರಿ ಕ್ಲಬ್ಬಿನ ನಿಯಮಾವಳಿ ಬರೆಯುವ ಕೆಲಸ. ಗಂಡಸರ ಪಂದ್ಯವಿಲ್ಲದ ಹೊತ್ತಿನಲ್ಲಷ್ಟೇ ಮೈದಾನ ಸಿಗುತ್ತಿತ್ತಂತೆ. ಅದರ ಬಾಡಿಗೆ ಕರಾರನ್ನೂ ಇವರೇ ತಿದ್ದಿ ಸಹಿ ಹಾಕಿಸಬೇಕಿತ್ತು.

1991ರ ಮಾತು ಬಂದಾಗ ಅವರ ಮುಖ ಅರಳಿತು. ಮೊದಲ ವಿಶ್ವಕಪ್ಪನ್ನು ವೇಲ್ಸ್‌ನಲ್ಲಿ ನಡೆಸಿದವರು ಡೆಬೊರಾ ಗ್ರಿಫಿನ್, ಸ್ಯೂ ಡಾರಿಂಗ್ಟನ್, ಆಲಿಸ್ ಕೂಪರ್, ಮೇರಿ ಫೋರ್ಸಿತ್ ಎಂಬ ನಾಲ್ವರು ಗೆಳತಿಯರು. ಅಂತರರಾಷ್ಟ್ರೀಯ ರಗ್ಬಿ ಮಂಡಳಿಯ ಮನ್ನಣೆ ಅದಕ್ಕಿರಲಿಲ್ಲ. ಹನ್ನೆರಡು ತಂಡಗಳು ಬಂದವು. ಸೋವಿಯತ್ ತಂಡದ ಕೈಯಲ್ಲಿ ಬ್ರಿಟಿಷ್ ದುಡ್ಡೇ ಇರಲಿಲ್ಲ. ಊಟಕ್ಕೆಂದು ವೋಡ್ಕಾ, ಕ್ಯಾವಿಯರ್ (ಉಪ್ಪು ಹಾಕಿದ ಮೀನಿನ ಮೊಟ್ಟೆ) ಮಾರಲು ಹೊರಟು ಕಸ್ಟಮ್ಸ್ ಅಧಿಕಾರಿಗಳ ಕಣ್ಣಿಗೆ ಬಿದ್ದರು. ಸ್ಥಳೀಯರೇ ನೆರವಿಗೆ ನಿಂತರು. ಕಾರ್ಡಿಫ್‌ನ ಫೈನಲ್‌ನಲ್ಲಿ ಅಮೆರಿಕ 19-6ರಿಂದ ಇಂಗ್ಲೆಂಡನ್ನು ಸೋಲಿಸಿತು. “ಅಳು ಬಂತು, ಆದರೆ ಸೋತದ್ದಕ್ಕಲ್ಲ” ಎಂದರು ವಕೀಲರು. ಗೆದ್ದ ತಂಡದಲ್ಲಿದ್ದ ಕ್ಯಾಥಿ ಫ್ಲೋರೆಸ್ ಮುಂದೆ ಅಮೆರಿಕ ತಂಡದ ಕೋಚ್ ಆದದ್ದನ್ನು ಅಭಿಮಾನದಿಂದ ನೆನೆದರು. ಆ ಗ್ರಿಫಿನ್ ಅವರೇ 2025ರಲ್ಲಿ ಇಂಗ್ಲೆಂಡ್ ರಗ್ಬಿ ಒಕ್ಕೂಟದ ಮೊದಲ ಮಹಿಳಾ ಅಧ್ಯಕ್ಷೆಯಾದರು.

ಆಟ ಶುರುವಾಯಿತು. ಮೊದಲ ಟ್ರೈ, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಗಳಿಸುವ ಅಂಕ, ಕೆನಡಾದ್ದು. ಕೆಲವೇ ನಿಮಿಷಗಳಲ್ಲಿ ಇಂಗ್ಲೆಂಡಿನ ಎಲೀ ಕಿಲ್ಡನ್ ಚೆಂಡನ್ನು ಎದೆಗವಚಿಕೊಂಡು, ಅಡ್ಡ ಬಂದವರನ್ನು ಒಬ್ಬೊಬ್ಬರನ್ನಾಗಿ ತಪ್ಪಿಸಿ ಓಡಿದಳು. ವಕೀಲರು ನನ್ನ ಮೊಣಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದರು. ಕೊನೆಗೆ ಇಂಗ್ಲೆಂಡ್ 33, ಕೆನಡಾ 13. ಅಂದು ಬಂದಿದ್ದವರು 81,885 ಮಂದಿ.

ನನಗೆ ಹೊಟ್ಟೆ ಉರಿದದ್ದು ಕೆನಡಾದ ವಿಷಯ ಕೇಳಿ. ವಿಶ್ವಕಪ್ಪಿನ ಸಿದ್ಧತೆಗೆಂದು ಅವರ ಒಕ್ಕೂಟ ಜನರಿಂದ ದೇಣಿಗೆ ಎತ್ತಬೇಕಾಯಿತು. ಅಷ್ಟು ದೊಡ್ಡ ದೇಶ, ಜಗತ್ತಿನ ಎರಡನೆಯ ಅತ್ಯುತ್ತಮ ತಂಡ. 1991 ಕಳೆದು ಮೂವತ್ತನಾಲ್ಕು ವರ್ಷಗಳಾದರೂ ಹೆಣ್ಣುಮಕ್ಕಳು ಆಡಬೇಕೆಂದರೆ ಜೋಳಿಗೆ ಹಿಡಿಯಲೇಬೇಕೇ? ವಕೀಲರು ಇಂಗ್ಲೆಂಡಿನವರಾದರೂ ಕೆನಡಾದ ಆಟಗಾರ್ತಿಯರು ಪದಕ ಪಡೆಯುವಾಗ ಎದ್ದು ನಿಂತು, ಕೊನೆಯವಳ ತನಕ ಚಪ್ಪಾಳೆ ತಟ್ಟಿದರು.

ಹೊರಡುವಾಗ ಮಗಳು, ತಾನೂ ಆಡಬಹುದೇ ಎಂದು ಅವರನ್ನೇ ಕೇಳಿದಳು. ಅವರು ಅವಳ ಭುಜ ಮುಟ್ಟಿ ನೋಡಿ, ಮನೆ ಎಲ್ಲಿ ಎಂದು ವಿಚಾರಿಸಿದರು. “ಮೊದಲು ಬೀಳುವುದನ್ನು ಕಲಿಸುತ್ತೇವೆ, ಆಮೇಲೆ ಬೀಳಿಸುವುದನ್ನು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಾ. ಹಲ್ಲಿನ ಕವಚ ಇಲ್ಲದೆ ಮೈದಾನಕ್ಕೆ ಬಿಡುವುದಿಲ್ಲ” ಎಂದರು.