ಅಧ್ಯಕ್ಷರ ಸಹಿ: ‘ಚೆ’

ಕ್ಯಾಶ್ ಕೌಂಟರಿನಲ್ಲೇ ಸರ್ವೀಸು ಮುಗಿಸಿದವನು ನಾನು. ಯಾವ ನೋಟು ಕೈಗೆ ಬಂದರೂ ಮೊದಲು ಸಹಿ ನೋಡುತ್ತೇನೆ. ಕ್ಯೂಬಾದ ಹಳೇ ನೋಟುಗಳ ಹುಚ್ಚು ಹಿಡಿದದ್ದೂ ಸಹಿಯಿಂದಲೇ.

1959ರ ನವೆಂಬರಿನಲ್ಲಿ ಫೆಲಿಪೆ ಪಾಸೊಸ್ ಎಂಬ ಅರ್ಥಶಾಸ್ತ್ರಜ್ಞರನ್ನು ಇಳಿಸಿ ಕ್ಯೂಬಾದ ನ್ಯಾಷನಲ್ ಬ್ಯಾಂಕಿನ ಅಧ್ಯಕ್ಷಗಿರಿಯನ್ನು ಕ್ಯೂಬಾ ಕ್ರಾಂತಿಯ ಮುಂದಾಳು ಚೆ ಗೆವಾರನಿಗೆ ಕೊಟ್ಟರು. ವೈದ್ಯಕೀಯ ಓದಿದ ಮನುಷ್ಯ! 1960ರ ಒಂದು ಪೆಸೊ ನೋಟಿನಲ್ಲಿ ಕ್ಯೂಬಾದ ಸ್ವಾತಂತ್ರ್ಯ ಹೋರಾಟದ ಕವಿ ಹೊಸೆ ಮಾರ್ತಿಯ ಗಂಭೀರ ಮುಖ. ಸಹಿಯ ಜಾಗದಲ್ಲಿ ಬರೀ ‘ಚೆ’, ಅವನ ಅಡ್ಡಹೆಸರು. ನಮ್ಮ ಬ್ರಾಂಚಿಗೆ ಯಾರಾದರೂ ಕರೆಯುವ ಹೆಸರಲ್ಲಿ ಸಹಿ ಹಾಕಿದ ಚೆಕ್ ತಂದಿದ್ದರೆ ತಕ್ಷಣ ವಾಪಸ್ ಕಳಿಸುತ್ತಿದ್ದೆ.

1961ರ ಆಗಸ್ಟ್ ಮೊದಲ ವಾರ ಹಳೇ ನೋಟುಗಳೆಲ್ಲ ಏಕಾಏಕಿ ರದ್ದು. ಹೊಸವು ಗುಟ್ಟಾಗಿ ಚೆಕೊಸ್ಲೊವಾಕಿಯಾದಲ್ಲಿ ಅಚ್ಚಾಗಿ ಬಂದಿದ್ದವು. ಒಂದು ಕುಟುಂಬಕ್ಕೆ ಕೈಗೆ ಸಿಕ್ಕದ್ದು 200 ಪೆಸೊ, ಮಿಕ್ಕದ್ದು ಖಾತೆಗೆ. ದೇಶ ಬಿಟ್ಟು ಹೋದವರ ಪೆಟ್ಟಿಗೆಯಲ್ಲಿದ್ದ ಹಣ ಕಾಗದವಾಯಿತು. 2016ರ ನವೆಂಬರಿನಲ್ಲಿ ಗಾಜಿನ ಈಚೆ ಕೂತು ಸಾಲು ನೋಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಷ್ಟರಲ್ಲಿ ಚೆ ಕೈಗಾರಿಕಾ ಮಂತ್ರಿಯಾಗಿ ಬ್ಯಾಂಕ್ ಬಿಟ್ಟಿದ್ದ. ಹೊಸ ನೋಟಿನ ಮೇಲೂ ಸಹಿ ಅವನದೇ.

ಕೊಳ್ಳುವವರಿಗೊಂದು ಮಾತು. ಚೆ ಮುಖವಿರುವ ಮೂರು ಪೆಸೊ ನೋಟನ್ನು ‘ಅಪರೂಪ’ ಎಂದು ಮಾರುತ್ತಾರೆ. ಅದು 1980ರ ದಶಕದಲ್ಲಿ ಶುರುವಾದದ್ದು, ಪ್ರವಾಸಿಗರು ಕಟ್ಟುಗಟ್ಟಲೆ ಹೊತ್ತು ತಂದಿದ್ದಾರೆ, ದುಬಾರಿ ಕೊಡಬೇಡಿ. ಮತ್ತೆ, ಪಿವಿಸಿ ಕವರಿನಲ್ಲಿ ಇಡಲೇಬೇಡಿ, ಕೆಲ ವರ್ಷಕ್ಕೆ ನೋಟು ಅಂಟಂಟಾಗುತ್ತದೆ.

ಈಗ ನಾನು ಹುಡುಕುತ್ತಿರುವುದು 1961ರ ಇಪ್ಪತ್ತು ಪೆಸೊ, ಕ್ರಾಂತಿಯಲ್ಲಿ ಚೆಯ ಜೊತೆಗಾರನಾಗಿದ್ದ ಕಾಮಿಲೊ ಸಿಯೆನ್‌ಫುಯೆಗೊಸ್ ಚಿತ್ರದ್ದು. ಅದರಲ್ಲೂ ಎಫ್69 ಅಥವಾ ಎಫ್70 ಸೀರೀಸ್. ಇವು ಖೋಟಾ, ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಅಚ್ಚು ಹಾಕಿಸಿದ್ದು ಎನ್ನುವುದು ಸಂಗ್ರಹಕಾರರ ನಂಬಿಕೆ. 1961ರಲ್ಲಿ ಸಿಐಎ ಬೆಂಬಲದಿಂದ ಕ್ಯೂಬಾ ಮೇಲೆ ನಡೆದ ಬೇ ಆಫ್ ಪಿಗ್ಸ್ ದಾಳಿಗೆಂದೇ ತಯಾರಾದವು ಅಂತ ಮಾರುವವರು ಕಥೆ ಸೇರಿಸುತ್ತಾರೆ. ದಾಳಿ ನಡೆದದ್ದು ಏಪ್ರಿಲ್‌ನಲ್ಲಿ, ಅಸಲಿ ನೋಟು ಜನರ ಕೈಗೆ ಬಂದದ್ದು ಆಗಸ್ಟ್‌ನಲ್ಲಿ. ನನಗಂತೂ ಟ್ಯಾಲಿ ಆಗುತ್ತಿಲ್ಲ. ಆದರೂ ಒಂದು ಬೇಕು. ಖೋಟಾ ನೋಟು ಹಿಡಿದು ಸೀಲು ಗುದ್ದುತ್ತಿದ್ದವನು ದುಡ್ಡು ಕೊಟ್ಟು ಖೋಟಾ ನೋಟಿಗೆ ಅಲೆಯುತ್ತಿದ್ದೇನೆ ಅಂತ ಮನೆಯವಳಿಗೆ ಇನ್ನೂ ಹೇಳಿಲ್ಲ.